ಚಿಕ್ಕಪ್ಪನ ಅಗ್ಗದ ವಿಡಿಯೊ ಕ್ಯಾಮೆರಾ

ಇವತ್ತು ಅಟ್ಟ ಕ್ಲೀನ್ ಮಾಡುವಾಗ ಚಿಕ್ಕಪ್ಪನ ಹಳೇ ವಿಡಿಯೊ ಕ್ಯಾಮೆರಾ ಕೈಗೆ ಸಿಕ್ಕಿತು. ಥೂ! ಹಿಡಿಯ ರಬ್ಬರು ಕರಗಿ, ಯಾರೋ ಚೀಪಿ ಉಗಿದ ಪೆಪ್ಪರಮೆಂಟಿನ ಹಾಗೆ ಬೆರಳಿಗೆ ಅಂಟಿತು. ಸೋರಿದ ಸೆಲ್ಲಿನ ಕೆಟ್ಟ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಚಾಮರಾಜಪೇಟೆಯ ನಮ್ಮ ಹಳೇ ಅಡುಗೆಮನೆಯ ಹೊಸ್ತಿಲಲ್ಲಿದ್ದೆ.

ಒಳಗೆ ಅಜ್ಜಿ ಮಡಿಯುಟ್ಟು ಹಬ್ಬದ ಹೋಳಿಗೆ ತಟ್ಟುತ್ತಿದ್ದರು. ಹೊಸ್ತಿಲಾಚೆ ಚಿಕ್ಕಪ್ಪ ಹೊಸ ಕ್ಯಾಮೆರಾ ಹಿಡಿದು ನಿಂತಿದ್ದ.

“ಅಮ್ಮಾ, ಒಂದ್ಸಲ ಇಲ್ಲಿ ನೋಡು.”

“ಮೈಲಿಗೆ ಬಟ್ಟೇಲಿ ಒಳಗೆ ಬರ್ಬೇಡ್ವೋ. ದೂರ ನಿಲ್ಲು!”

“ಝೂಮ್ ಇದೆ ಬಿಡಮ್ಮಾ, ಇಲ್ಲಿಂದ್ಲೇ ಬರತ್ತೆ.”

ಎಲ್ಲಿ ಬಂತು? ಜೇಬಿಗೆ ಹಿಡಿಯುವಷ್ಟು ಪುಟ್ಟದು, ಮಕ್ಕಳೂ ಗುಂಡಿ ಒತ್ತಬಹುದಿತ್ತು. ಅದರ ಗುಣ ಅಲ್ಲಿಗೆ ಮುಗಿಯಿತು. ಝೂಮ್ ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಮಬ್ಬು ಬೆಳಕಿನಲ್ಲಿ ಚಿತ್ರದ ತುಂಬ ಇರುವೆ ಹರಿದಂತೆ ಕಾಣುತ್ತಿತ್ತು. ಮೈಕು ಮಾತ್ರ ಹತ್ತಿರದ್ದನ್ನು ಒಂದೂ ಬಿಡುತ್ತಿರಲಿಲ್ಲ. ಚಿಕ್ಕಪ್ಪ ನಶ್ಯ ಏರಿಸಿ ಸಿಂಬಳ ಸೀಟುವುದು, ಕ್ಯಾಕರಿಸುವುದು, ತೇಗುವುದು, ಎಲ್ಲ ಅದರಲ್ಲಿತ್ತು. ಊಟವಾದ ಮೇಲೆ ಟಿವಿಗೆ ಹಾಕಿ ನೋಡಿದಾಗ ತಿಂದ ಹೋಳಿಗೆ ವಾಪಸ್ಸು ಬರುವಂತಾಗಿತ್ತು.

ಈಗ ಅದರ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಅಜ್ಜಿಯ ಮುಖ ಇರಬೇಕಾದಲ್ಲಿ ಬರೀ ಕಂದು ಚೌಕಗಳು. ಆ ಅಸಹ್ಯ ಕ್ಯಾಕರಿಕೆಯನ್ನೂ ಮೀರಿ ಕೇಳುವುದು ಅವರ ಒಂದೇ ಕೂಗು: “ದೂರ ನಿಲ್ಲು!”

ಅಜ್ಜಿಯ ದನಿ ಅಂತ ನಮ್ಮಲ್ಲಿ ಉಳಿದಿರುವುದು ಇಷ್ಟೇ. ಕೈ ತೊಳೆಯದೆ, ಅದೇ ಜಿಗುಟು ಬೆರಳಲ್ಲಿ ಮತ್ತೆ ಪ್ಲೇ ಒತ್ತಿದೆ.