ಇಲ್ಲ ಎಂದು ಬರೆಸಿದ ತಂಗಿ

ಹೋದ ಭಾನುವಾರ ನಾನೊಂದು ಪಿಎಚ್‌ಡಿಗೆ ಕಲ್ಲು ಹಾಕಿದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಸಾಧ್ಯವಾಯಿತು.

ವಾಣಿ ದಾವಣಗೆರೆಯ ಹುಡುಗಿ. ಇಲ್ಲಿ ದೆಹಲಿಯಲ್ಲಿ ಮೆದುಳಿನ ಮೇಲೆ ರಿಸರ್ಚ್ ಮಾಡುತ್ತಾಳೆ. ಯಾರೂ ಆಡದ ಮಾತು ಕೆಲವರಿಗೆ ಯಾಕೆ ಕೇಳಿಸುತ್ತದೆ, ತಲೆ ಯಾಕೆ ಕೆಡುತ್ತದೆ, ಅದು ಅವಳ ಸಬ್ಜೆಕ್ಟು. ಹಾಸ್ಟೆಲ್ಲಿನ ರಾಜ್ಮಾ ಬೇಸರವಾದಾಗ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೆ ಬಂದು ಸಾರು ಅನ್ನ ಉಣ್ಣುತ್ತಾಳೆ. (ಕ್ವಾರ್ಟರ್ಸು ಅಳಿಯನದು. ನಾನು ಮಗಳ ಮನೆಯಲ್ಲಿರುವವಳು.)

ಮೂರು ತಿಂಗಳ ಹಿಂದೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ಪೇಷಂಟ್ಸ್ ಬೇಕಾದಷ್ಟು ಸಿಗ್ತಾರೆ ಅಜ್ಜಿ. ಚೆನ್ನಾಗಿರೋರೇ ಸಿಗ್ತಿಲ್ಲ!"

ಕಾಯಿಲೆಯವರ ಜೊತೆ ಹೋಲಿಸಿ ನೋಡಲು ಸರಿಯಿರುವವರ ರಕ್ತ, ತಲೆಯ ಸ್ಕ್ಯಾನು ಬೇಕಂತೆ. ತಾನು ಸರಿಯಿದ್ದರಷ್ಟೇ ಸಾಲದು, ಮನೆಯಲ್ಲಿ ಯಾರಿಗೂ ತಲೆ ಕೆಟ್ಟಿರಬಾರದು.

"ನನ್ನದು ತಗೋ," ಎಂದೆ.

ವಾಣಿ ಫಾರಂ ತೆಗೆದು ಕನ್ನಡದಲ್ಲಿ ಕೇಳುತ್ತಾ ಹೋದಳು. ಒಡಹುಟ್ಟಿದವರು ಎಷ್ಟು ಜನ? ಇಬ್ಬರು ಅಣ್ಣಂದಿರು. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ? ಇಲ್ಲ.

ಒಂದು ಕ್ಷಣವೂ ತಡೆಯಲಿಲ್ಲ ನಾನು. ನೀವಾದರೆ ತಡೆಯುತ್ತಿದ್ದಿರಾ? ನಮ್ಮ ಕಾಲೊನಿಯಲ್ಲಿ ಶುಗರ್ ಇದೆ ಎಂದು ಕರೆದು ಹೇಳುತ್ತಾರೆ. ಬಿಪಿ ಮಾತ್ರೆಯ ಡಬ್ಬಿ ತೆರೆದು ತೋರಿಸುತ್ತಾರೆ. ತಲೆಯ ಕಾಯಿಲೆ ಮಾತ್ರ ಯಾರ ಮನೆಯಲ್ಲೂ ಇಲ್ಲ. ಹಾಗಾದರೆ ಆಸ್ಪತ್ರೆಯಲ್ಲಿ ಆ ಡಾಕ್ಟರ ಬಾಗಿಲ ಮುಂದೆ ಬೆಳಿಗ್ಗೆಯಿಂದ ಸಾಲು ನಿಲ್ಲುವವರು ಯಾರ ಮನೆಯವರು?

ರಕ್ತ ಕೊಟ್ಟೆ, ತಲೆಯ ಸ್ಕ್ಯಾನೂ ಆಯಿತು. ಹೋದ ಭಾನುವಾರ ಊಟಕ್ಕೆ ಕೂತ ವಾಣಿ ಗೆಳತಿಯೊಬ್ಬಳ ಕಥೆ ಹೇಳಿದಳು. ಅದೇ ಲ್ಯಾಬಿನವಳು. ಸರಿಯಿದ್ದೇವೆ ಎಂದು ಬಂದವರು ಮನೆಯ ವಿಷಯ ಮುಚ್ಚಿಟ್ಟಿದ್ದರಂತೆ. ಅವಳ ಎರಡು ವರ್ಷದ ಕೆಲಸ ನೀರುಪಾಲು.

"ನಂಗೆ ಆ ಭಯ ಇಲ್ಲಪ್ಪ. ನಮ್ಮಜ್ಜಿ ಪಕ್ಕಾ ಕ್ಲೀನ್ ಕೇಸು. ಇನ್ನೊಂದು ಸೌಟು ಸಾರು ಹಾಕಿ."

ಹಾಕಿದೆ. ಆಮೇಲೆ ಹೇಳಿದೆ.

"ನನ್ನದು ತೆಗೆದುಹಾಕು ವಾಣಿ. ನನಗೊಬ್ಬಳು ತಂಗಿಯಿದ್ದಳು. ಸರೋಜ. ಹದಿನಾರಕ್ಕೆ ತಲೆ ಕೆಟ್ಟಿತು. ಗೋಡೆ ಜೊತೆ ಮಾತಾಡ್ತಿದ್ದಳು."

ಹಪ್ಪಳ ಕರಿಯುತ್ತಿದ್ದ ಮಗಳು ಉಷಾ ಜಾಲರಿ ಹಿಡಿದೇ ಬಂದಳು. ಅವಳಿಗೆ ನಲವತ್ತಾರು ವರ್ಷ.

"ಏನಮ್ಮ ಇದು? ನಂಗೊಬ್ಬಳು ಚಿಕ್ಕಮ್ಮ ಇದ್ದಳಾ? ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

"ಅಪ್ಪ ಸಾಯೋವರೆಗೂ?"

"ಸಾಯೋವರೆಗೂ."

ನನ್ನನ್ನು ನೋಡಲು ಗಂಡಿನವರು ಬಂದ ದಿನ ಸರೋಜಳನ್ನು ಹಿತ್ತಲಿನ ಸೌದೆ ಕೋಣೆಗೆ ಕೂಡಿ ಚಿಲಕ ಹಾಕಿದ್ದರು. ಅವಳು ಒಳಗಿಂದ ಜೋರಾಗಿ ನಕ್ಕಳು. ಯಾರದು ನಗು ಎಂದು ಗಂಡಿನ ತಾಯಿ ಕೇಳಿದರು. ಪಕ್ಕದ ಮನೆಯ ಮಗು ಎಂದವಳು ನಮ್ಮಮ್ಮನಲ್ಲ. ನಾನು.

ಈಗ ಬೈಯುವುದು ಸುಲಭ. ಚಿಲಕ ತೆಗೆದಿದ್ದರೆ ನನ್ನ ಮದುವೆ ಆಗುತ್ತಿತ್ತೇ? ಜಾಲರಿ ಹಿಡಿದು ನಿಂತ ಉಷಾ ಹುಟ್ಟುತ್ತಿದ್ದಳೇ?

ವಾಣಿ ಬೈಯಲಿಲ್ಲ. ಕೈ ತೊಳೆದು ಬಂದು ಪೆನ್ನು ತೆಗೆದಳು.

"ಪರವಾಗಿಲ್ಲ ಅಜ್ಜಿ, ಇನ್ನೊಂದು ಗ್ರೂಪ್ ಇದೆ. ಪೇಷಂಟ್‌ಗಳ ಒಡಹುಟ್ಟಿದವರದು. ಅದಕ್ಕೆ ಹಾಕೋಣ. ಯಾವ ಡಾಕ್ಟರು ನೋಡಿದ್ರು?"

"ಡಾಕ್ಟರಿಗೆ ತೋರಿಸಿದ್ರೆ ಊರಿಗೆ ಗೊತ್ತಾಗಲ್ವೇನೇ?"

"ಚೀಟಿ, ಫೋಟೋ, ಏನಾದ್ರೂ?"

ಇಲ್ಲವೆಂದು ತಲೆಯಾಡಿಸಿದೆ. ವಾಣಿ ಪೆನ್ನಿನ ಮುಚ್ಚಳ ಹಾಕಿದಳು.

"ಡಾಕ್ಟರ ಕಾಗದ ಇಲ್ಲದೆ ಆಗಲ್ಲ ಅಜ್ಜಿ. ಸಾರಿ."

ಕಾಯಿಲೆಯಿಲ್ಲದ ಮನೆಯವರ ಗುಂಪಿನಲ್ಲೂ ನಾವಿಲ್ಲ. ಕಾಯಿಲೆಯವರ ಗುಂಪಿನಲ್ಲೂ ಇಲ್ಲ.

ಕಾಗದ ಒಂದಿತ್ತು. ಅದನ್ನು ವಾಣಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಮದುವೆಯಾಗಿ ದೆಹಲಿಗೆ ಬಂದ ನಾಲ್ಕನೇ ವರ್ಷ ಊರಿಂದ ನಮ್ಮಪ್ಪನ ಪೋಸ್ಟ್ ಕಾರ್ಡು ಬಂತು. ಕಾರ್ಡನ್ನು ನನಗಿಂತ ಮೊದಲು ಯಜಮಾನರು ಓದುತ್ತಾರೆಂದು ಅಪ್ಪನಿಗೆ ಗೊತ್ತು. 'ಹಿತ್ತಲಿನ ಹಸು ಮೊನ್ನೆ ಸತ್ತಿತು. ನೀನು ಚಿಂತೆ ಮಾಡಬೇಡ' ಎಂದು ಬರೆದಿದ್ದರು. ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ.

"ಪಾಪ, ಹಾಲು ಕೊಡ್ತಿತ್ತಾ?" ಎಂದು ಯಜಮಾನರು ಕೇಳಿದರು.

ಕೊಡುತ್ತಿತ್ತು ಎಂದೆ. ತಂಗಿ ಸತ್ತಳೆಂದು ತಲೆಗೆ ನೀರು ಹಾಕಿಕೊಳ್ಳಲೂ ಆಗಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಕಾರ್ಡನ್ನು ಒಲೆಗೆ ಹಾಕಿ ಚಪಾತಿ ಬೇಯಿಸಿದೆ.

ಆ ಹಸುವಿನ ಹೆಸರು ಸರೋಜ ಎಂದು ಈಗ ಯಾವ ಫಾರಮ್ಮಿನಲ್ಲಿ ಬರೆಸಲಿ?