ಇಳಿಸದೆ ಉಳಿದ ಮೇನ್ ಸ್ವಿಚ್

ಹಾವೇರಿ ಸೀಮೆಯ ಹಳ್ಳಿ ಗ್ರಂಥಪಾಲಕರ ಮಾತು ಬಂದರೆ ಹಿರೇಬೆಂಡಿಗೇರಿಯ ಶ್ರೀ ಶಿದ್ಲಿಂಗಪ್ಪನವರ ಹೆಸರು ಮೊದಲು ಬರುತ್ತದೆ. ಹೊಗಳಿಕೆ ಆರಂಭವಾದರೆ ಎದ್ದು ಹೋಗುವವರಲ್ಲಿಯೂ ಅವರೇ ಮೊದಲಿಗರು. ಪಂಚಾಯಿತಿ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರ ಶಿಸ್ತನ್ನು ಊರೆಲ್ಲ ಬಲ್ಲದು. ಸಂಜೆ ಐದಕ್ಕೆ ಬಾಗಿಲು ಬಂದ್, ಬಾಗಿಲಿಗೂ ಮೊದಲು ಮೇನ್ ಸ್ವಿಚ್ ಬಂದ್. ಸರಕಾರದ ಕರೆಂಟನ್ನು ಸುಮ್ಮನೆ ಸುಡುವುದು ಅವರ ಪಾಲಿಗೆ ಪಾಪ.

ಆ ಶಿಸ್ತೇ ಅವರಿಗೆ ಮುಳುವಾಯಿತು. ಐದು ವರ್ಷದ ಹಿಂದೆ, ಗ್ರಂಥಾಲಯಕ್ಕೆ ವೈಫೈ ಬಂದ ಹೊಸತು. ನಮ್ಮ ಓಣಿಯಲ್ಲಿ ಮೊಬೈಲಿಗೆ ಸಿಗ್ನಲ್ಲು ದೇವರು ಕೊಟ್ಟಾಗಷ್ಟೇ. ನನ್ನ ಗೆಳತಿ ಮಾಹೀರಾ ನರ್ಸಿಂಗ್ ಕೋರ್ಸಿನ ಆನ್‌ಲೈನ್ ಅರ್ಜಿ ತುಂಬಲು ಕೊನೆಯ ದಿನ ಹೊಲದ ಕೆಲಸ ಮುಗಿಸಿ ಓಡಿಬಂದು ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತಿದ್ದಳು. ಗಡುವು ಆರು ಗಂಟೆ. ಐದಕ್ಕೆ ಇವರು ಎಂದಿನಂತೆ ಸ್ವಿಚ್ ಇಳಿಸಿ, ಕೀಲಿ ಹಾಕಿ, ಸೈಕಲ್ ಹತ್ತಿದರು. ಸ್ವಿಚ್ಚಿನೊಂದಿಗೆ ವೈಫೈಯೂ ಆರಿತು. ಸಂಕೋಚದ ಹುಡುಗಿ ಕೂಗಲಿಲ್ಲ. ಬಸ್ಸು ಹಿಡಿದು ಶಿಗ್ಗಾಂವಿಯ ಸೈಬರ್ ಸೆಂಟರ್ ಮುಟ್ಟುವಷ್ಟರಲ್ಲಿ ಆರು ದಾಟಿತ್ತು. ಆ ವರ್ಷವೇ ನಿಕಾಹ್ ಆಗಿ ಸವಣೂರಿಗೆ ಹೋದಳು.

ನಿಕಾಹ್ ಆದಮೇಲೆ ನಾನೇ ಸರ್ ಮುಂದೆ ಬಾಯಿಬಿಟ್ಟೆ. ಅಂದೇ ನನ್ನನ್ನು ಕರೆದುಕೊಂಡು ಅವಳ ತವರಿಗೆ ಹೋದರು.

"ಅದು ನಮ್ಮ ನಸೀಬರಿ ಸರ್," ಎಂದರು ತಾಯಿ ಹುಸೇನಬಿ.

"ನಸೀಬ ಅಲ್ಲವ್ವ. ಸ್ವಿಚ್ ಇಳಿಸಿದ್ದು ಈ ಕೈ," ಎನ್ನುತ್ತ ಬಲಗೈ ಮುಂದೆ ಚಾಚಿ ಅತ್ತರು. ಅವರು ಅತ್ತದ್ದನ್ನು ನಾನು ಮತ್ತೆ ನೋಡಿಲ್ಲ, ನೋಡುವುದೂ ಬೇಡ.

ಅಂದಿನಿಂದ ಆ ಸ್ವಿಚ್ ಇಳಿದಿಲ್ಲ. ಗ್ರಾಮಸಭೆಯಲ್ಲಿ ಆಕ್ಷೇಪಿಸಿದವರಿಗೆ ಅವರು ಕೇಳಿದ್ದು ಇಷ್ಟೇ: "ಕುಡಿಯೋ ನೀರಿನ ನಳಕ್ಕ ಐದಕ್ಕ ಕೀಲಿ ಹಾಕ್ತೀರೇನ್ರಿ? ಇದೂ ಹಂಗ. ಯಾರ ಉಪಕಾರಾನೂ ಅಲ್ಲ, ಊರ ಹಕ್ಕು."

ಮರುವರ್ಷ ಅದೇ ಕಟ್ಟೆಯ ಮೇಲೆ, ಮುಚ್ಚಿದ ಬಾಗಿಲಿಗೆ ಒರಗಿ, ಏಳು ಗಂಟೆಗೆ ನಾನು ಅರ್ಜಿ ತುಂಬಿದೆ. ಈಗ ಹಾನಗಲ್ಲಿನಲ್ಲಿ ನರ್ಸ್ ಆಗಿದ್ದೇನೆ. ಸಮವಸ್ತ್ರ ತೊಡುವಾಗಲೆಲ್ಲ ಇದು ಮಾಹೀರಾಳ ಅಳತೆಯದೆಂದೇ ಅನ್ನಿಸುತ್ತದೆ.

ಸರ್ ಅವರ ಈ ಬೀಳ್ಕೊಡುಗೆ ಸಮಾರಂಭಕ್ಕೆ ಕರೆಯಲು ಅವಳಿಗೆ ಫೋನು ಮಾಡಿದ್ದೆ. ಅವಳು ಕೇಳಿದಳು: "ಸರ್ ಹೋದ ಮ್ಯಾಲೆ ಅದನ್ನ ಮತ್ತ ಆರಸ್ತಾರೇನ? ನನ್ನ ಮಗಳು ಅಂಗನವಾಡಿಗೆ ಹೊಂಟಾಳ."

ಆ ಪ್ರಶ್ನೆಯನ್ನು ಈ ಸಭೆಗೇ ತಂದಿದ್ದೇನೆ. ಸರ್, ತಾವು ನೂರು ವರ್ಷ ಬಾಳಬೇಕು. ದಿನಾ ಸಂಜೆ ಐದಕ್ಕೆ ಆ ಕಟ್ಟೆಗೆ ಬಂದು ಕೂಡಬೇಕು. ತಮ್ಮೆದುರು ಸ್ವಿಚ್ ಇಳಿಸಲು ಯಾರ ಕೈಯೂ ಏಳದು.