ಮೇಜಿನ ಕೆಳಗಿನ ಚಾಪೆ

ಗೆಳೆಯರೇ, ಇವತ್ತು ನಮ್ಮ ಆಫೀಸಿಗೆ ಆಂಬ್ಯುಲೆನ್ಸ್ ಬರುವುದೊಂದೇ ಬಾಕಿಯಿತ್ತು! ಇಲ್ಲೇ ಸಿಯಾಟಲ್‌ನಲ್ಲಿ ಓದು ಮುಗಿಸಿ ನಮ್ಮ ಜಪಾನಿ ಕಂಪನಿಗೆ ಹೊಸದಾಗಿ ಸೇರಿದ ವಿಯೆಟ್ನಾಂ ಹುಡುಗಿ ಲಿನ್, ಊಟವಾದ ಮೇಲೆ ಮೇಜಿನ ಕೆಳಗೆ ಚಾಪೆ ಹಾಸಿ ಮಲಗಿದ್ದಳು. ಅವಳು ಕುಸಿದುಬಿದ್ದಳೆಂದು ಮ್ಯಾನೇಜರ್ ತನಾಕಾ ಗಾಬರಿಯಾಗಿ ಫೋನ್ ಎತ್ತಿಕೊಂಡಿದ್ದರು.

"ಸಾರಿ ಸರ್, ನಮ್ಮೂರಲ್ಲಿ ಆಫೀಸಲ್ಲೂ ಹೀಗೇ ಮಲಗ್ತಾರೆ" ಎಂದಳು ಲಿನ್. ಕೆಲಸ ಹೋಯಿತೆಂದೇ ಅಂದುಕೊಂಡಿದ್ದಳು ಪಾಪ.

ನನಗೆ ಮೈಸೂರಿನ ಮಧ್ಯಾಹ್ನಗಳು ನೆನಪಾದವು. ಅಮ್ಮ ಕೆಂಪು ನೆಲದ ಮೇಲೆ ಸೆರಗು ಮುಖಕ್ಕೆಳೆದುಕೊಂಡು ಅಡ್ಡಾಗುತ್ತಿದ್ದಳು. ಕರೆದರೆ, "ನಿದ್ದೆ ಅಲ್ಲ ಕಣೇ, ಸುಮ್ನೆ ಕಣ್ಣು ಮುಚ್ಕೊಂಡಿದೀನಿ" ಎನ್ನುತ್ತಿದ್ದಳು. ಆ ನೆಲದ ತಂಪು ನನ್ನ ಕೆನ್ನೆಗೆ ಇನ್ನೂ ನೆನಪಿದೆ.

ಸಂಜೆ ಮೀಟಿಂಗಿನಲ್ಲಿ ತನಾಕಾ ಅವರೇ ಕೈಕಟ್ಟಿ ಕೂತಲ್ಲೇ ಗೊರಕೆ ಹೊಡೆದರು. ಎಚ್ಚರವಾದಾಗ, "ನಿದ್ದೆಯಲ್ಲ, ಕಣ್ಣು ಮುಚ್ಚಿ ಕೇಳ್ತಿದ್ದೆ" ಎಂದರು. ಜಪಾನಿಗಳೆಲ್ಲ ಗೌರವದಿಂದ ತಲೆಯಾಡಿಸಿದರು. ಲಿನ್ ನನ್ನ ಮುಖ ನೋಡಿದಳು.

ಕೂತು ನಿದ್ದೆ ಮಾಡುವುದೊಂದನ್ನು ಕಲಿತಿದ್ದರೆ, ನಮ್ಮಮ್ಮ ಇಲ್ಲಿ ಮ್ಯಾನೇಜರ್ ಆಗಿರುತ್ತಿದ್ದಳು.